ವಾಚು ಪೀರಿಯಡ್ಸ್ ಡೇಟ್ ತಪ್ಪು ತೋರಿಸ್ತಿದ್ರೆ ಎಲ್ಲಿಂದ ಹುಡುಕ್ಬೇಕು

ಹೋದ ವರ್ಷ ನಾಲ್ಕು ತಿಂಗಳು ನನ್ನ ವಾಚ್ ಒಂದೇ ಮಾತು ಹೇಳ್ತಿತ್ತು, ಓವ್ಯುಲೇಷನ್ (ಅಂಡಾಶಯದಿಂದ ಅಂಡಾಣು ಹೊರಗೆ ಬರೋದು) ಅಂದಾಜು ಮಾಡೋಕೆ ಡೇಟಾ ಸಾಲ್ತಿಲ್ಲ ಅಂತ. ಅದೇ ಟೈಮಲ್ಲಿ ತಂಗಿ ಬ್ಯಾಂಡು ಪೀರಿಯಡ್ಸ್‌ಗೆ ಇನ್ನೂ ಎಂಟು ದಿನ ಇದೆ ಅಂತ ತೋರಿಸ್ತಾ ಇರುವಾಗ್ಲೇ ಅವಳಿಗೆ ಆಫೀಸ್ ಬಸ್ಸಲ್ಲಿ ಡೇಟ್ ಆಗಿ, ಕೈಯಲ್ಲಿ ಪ್ಯಾಡ್ ಇಲ್ದೆ, ಸಿಲ್ಕ್ ಬೋರ್ಡಿಂದ ಮನೆವರೆಗೂ ದುಪಟ್ಟಾ ಸೊಂಟಕ್ಕೆ ಸುತ್ಕೊಂಡು ಬಂದ್ಲು. ಬಂದವಳೇ ಬ್ಯಾಂಡ್ ಬಿಚ್ಚಿ ಸೋಫಾ ಮೇಲೆ ಎಸೆದು, "ಅಕ್ಕ, ಇದು ಪೂರ್ತಿ ದಂಡ ಕಣೇ, ವಾಪಸ್ ಕೊಟ್ಬಿಡ್ತೀನಿ" ಅಂದ್ಲು. ಅವತ್ತು ರಾತ್ರಿ ಇಬ್ರೂ ಕೂತು ಒಂದೊಂದೇ ತೆಗೆದು ನೋಡಿದ್ವಿ. ಅವಳದು ಹತ್ತು ನಿಮಿಷದಲ್ಲಿ ಸರಿಹೋಯ್ತು, ನಂದು ಸರಿಹೋಗೋಕೆ ಎಂಟು ತಿಂಗಳು ಹಿಡೀತು, ಯಾಕಂದ್ರೆ ನನ್ನ ಕೇಸಲ್ಲಿ ಕೊನೆಗೆ ಕೆಟ್ಟಿದ್ದು ವಾಚ್ ಆಗಿರ್ಲಿಲ್ಲ.

ಆಮೇಲಿಂದ ಅತ್ತಿಗೆಯ ಸ್ಮಾರ್ಟ್ ರಿಂಗು, ಪಕ್ಕದ ಸೀಟಿನ ಹುಡುಗಿ ವಾಚು ಅಂತ ಆರೇಳು ಜನರದ್ದು ನೋಡಿದೀನಿ. ಎಲ್ರೂ ಒಂದೇ ಕಡೆ ಎಡವ್ತಾರೆ ಅನ್ಸುತ್ತೆ: ವಾಚ್ ತೋರಿಸೋದ್ರಲ್ಲಿ ಅಳತೆ ಮಾಡಿದ್ದು ಯಾವ್ದು, ಊಹೆ ಮಾಡಿದ್ದು ಯಾವ್ದು ಅಂತ ಬೇರೆ ಮಾಡಿ ನೋಡೋದೇ ಇಲ್ಲ. ಅದೊಂದು ಗೊತ್ತಾದ್ರೆ ದೋಷ ಎಲ್ಲಿದೆ ಅಂತ ಹುಡುಕೋದು ಅಷ್ಟೇನೂ ಕಷ್ಟ ಅಲ್ಲ.

ನಿಮ್ಮ ಕೈಲಿರೋದು ಎಣಿಸುತ್ತಾ, ಅಳೆಯುತ್ತಾ

ಮೊದಲು ನೋಡ್ಬೇಕಾಗಿರೋದು ಇದು. ಎರಡು ಸಾವಿರ, ಮೂರು ಸಾವಿರದ ಬ್ಯಾಂಡುಗಳಲ್ಲಿ "ಮಹಿಳೆಯರ ಆರೋಗ್ಯ" ಅಂತ ಪಿಂಕ್ ಬಣ್ಣದ ಐಕಾನ್ ಇರುತ್ತೆ, ಆದ್ರೆ ಹೆಚ್ಚಿನವುಗಳಲ್ಲಿ ಅದಕ್ಕೂ ಕೈಗೂ ಸಂಬಂಧನೇ ಇಲ್ಲ. ನೀವು ಡೇಟ್ ಹಾಕ್ತೀರ, ಅದು 28 ಅಥವಾ ನೀವು ಕೊಟ್ಟ ಸಂಖ್ಯೆ ಕೂಡಿಸಿ ಮುಂದಿನ ಡೇಟ್ ಹೇಳುತ್ತೆ, ಅಷ್ಟೇ. ನಮ್ಮಮ್ಮ ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಸಣ್ಣ ಚುಕ್ಕಿ ಇಡ್ತಿದ್ರು, ಹಬ್ಬ ಬಂದಾಗ ಆ ಚುಕ್ಕಿಯಿಂದ ಬೆರಳು ಮಡಚಿ ಎಣಿಸ್ತಿದ್ರು, ಈ ಬ್ಯಾಂಡು ಮಾಡೋದು ಅದೇ ಕೆಲಸ. ಬ್ಯಾಂಡನ್ನ ರಾತ್ರಿ ಹಗಲು ಕಟ್ಕೊಂಡ್ರೂ ಡ್ರಾಯರಲ್ಲಿ ಇಟ್ರೂ ಉತ್ತರ ಒಂದೇ.

ನಿಮ್ಮದು ಯಾವ ಜಾತಿ ಅಂತ ತಿಳ್ಕೊಳ್ಳೋದು ಸುಲಭ. ಆಪ್ ತೆಗೀರಿ, ರಾತ್ರಿ ಚರ್ಮದ ಟೆಂಪರೇಚರ್ ಅಂತ ದಿನದಿನಕ್ಕೂ ಚುಕ್ಕಿ ಬೀಳೋ ಗ್ರಾಫ್ ಇದ್ಯಾ ನೋಡಿ. ಇದ್ರೆ ಅದು ಅಳೆಯೋ ಸಾಧನ. ಆ್ಯಪಲ್ ವಾಚಲ್ಲಿ ಇದು ಬಂದಿದ್ದು 2022ರ ಸೀರೀಸ್ 8ರಿಂದ, ಒಂದು ಸೆನ್ಸರ್ ಹಿಂದೆ ಚರ್ಮದ ಕಡೆ, ಇನ್ನೊಂದು ಡಿಸ್‌ಪ್ಲೇ ಕೆಳಗೆ, ನಾವು ಮಲಗಿರುವಾಗ 5 ಸೆಕೆಂಡಿಗೊಮ್ಮೆ ನೋಡುತ್ತೆ, 0.1 ಡಿಗ್ರಿ ಸೆಲ್ಸಿಯಸ್‌ನಷ್ಟು ಸಣ್ಣ ವ್ಯತ್ಯಾಸನೂ ಹಿಡಿಯುತ್ತೆ ಅಂತ ಕಂಪನಿ ಹೇಳುತ್ತೆ. ಸ್ಯಾಮ್‌ಸಂಗ್‌ನವರೂ ಅದೇ ವರ್ಷ ಗ್ಯಾಲಕ್ಸಿ ವಾಚ್ 5ರಲ್ಲಿ ಟೆಂಪರೇಚರ್ ಸೆನ್ಸರ್ ತಂದ್ರು. ರಿಂಗುಗಳಲ್ಲಿ ಫಿನ್ಲೆಂಡಿನ ಔರಾ, ನಮ್ಮ ಬೆಂಗಳೂರಿನದ್ದೇ ಆದ ಅಲ್ಟ್ರಾಹ್ಯೂಮನ್, ಇವು ಬೆರಳಿನ ಚರ್ಮದಿಂದ ಅಳೆಯುತ್ತವೆ.

ಟೆಂಪರೇಚರ್ ಯಾಕೆ ಅಂದ್ರೆ, ಅಂಡಾಣು ಹೊರಗೆ ಬಂದ್ಮೇಲೆ ಅಂಡಾಶಯದಲ್ಲಿ ಉಳಿಯೋ ಖಾಲಿ ಕೋಶ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನ್ ಬಿಡುತ್ತೆ, ಅದು ಮೆದುಳಲ್ಲಿ ಮೈಬಿಸಿ ನೋಡ್ಕೊಳ್ಳೋ ಜಾಗಕ್ಕೆ ಹೋಗಿ ಮೈಯನ್ನ ಒಂಚೂರು, ಸುಮಾರು 0.3ರಿಂದ 0.5 ಡಿಗ್ರಿ, ಬಿಸಿ ಇಡುತ್ತೆ. ಪ್ರೊಜೆಸ್ಟೆರಾನ್ ಇಳಿದಾಗ ಬಿಸಿನೂ ಇಳಿಯುತ್ತೆ, ಪೀರಿಯಡ್ಸ್ ಶುರುವಾಗುತ್ತೆ. ಅಂದ್ರೆ ತಿಂಗಳ ಗ್ರಾಫು ಎರಡು ಮೆಟ್ಟಿಲ ಥರ ಇರ್ಬೇಕು, ಮೊದಲರ್ಧ ಕೆಳಗಿನ ಮೆಟ್ಟಿಲು, ಕೊನೆಯ ಹನ್ನೆರಡು ಹದಿನಾಲ್ಕು ದಿನ ಮೇಲಿನ ಮೆಟ್ಟಿಲು. ಈ ಚಿತ್ರ ತಲೇಲಿ ಇಟ್ಕೊಳ್ಳಿ, ಮುಂದೆ ಎಲ್ಲಾ ಕಡೆ ಬೇಕಾಗುತ್ತೆ.

ಡೇಟ್ ತಪ್ಪು ಬರ್ತಿದೆ

ತಂಗಿದು ಇದೇ. ಅವಳ ಬ್ಯಾಂಡು ಎಣಿಸೋ ಜಾತಿದು. ಹಳೇ ಲೆಕ್ಕ ತೆಗೆದು ನೋಡಿದ್ರೆ ಸೈಕಲ್‌ಗಳು (ಒಂದು ಪೀರಿಯಡ್ಸ್ ಶುರುವಾದ ದಿನದಿಂದ ಮುಂದಿನದು ಶುರುವಾಗೋವರೆಗಿನ ದಿನಗಳು) 29, 30, 58, 29 ಅಂತ ಇತ್ತು. 58 ದಿನ ಎಲ್ಲಿಂದ ಬಂತು ಅಂದ್ರೆ, ನಡುವೆ ಒಂದು ತಿಂಗಳು ಹಾಸನಕ್ಕೆ ಮದುವೆಗೆ ಹೋದಾಗ ಡೇಟ್ ಹಾಕೋದು ಮರೆತಿದ್ಲು, ಎರಡು ಸೈಕಲ್ ಒಂದಾಗಿ ಅಂಟ್ಕೊಂಡಿತ್ತು. ಒಟ್ಟು 146 ದಿನ, ನಾಲ್ಕರಿಂದ ಭಾಗಿಸಿದ್ರೆ 36.5. ಮರೆತ ಡೇಟನ್ನ ಫೋಟೋ ಗ್ಯಾಲರಿ ನೋಡಿ ನೆನಪು ಮಾಡ್ಕೊಂಡು (ಮೆಹಂದಿ ದಿನ ಹೊಟ್ಟೆನೋವು ಅಂತ ಮೂಲೇಲಿ ಕೂತಿದ್ದ ಫೋಟೋ ಸಿಕ್ತು) ಹಾಕಿದ್ಮೇಲೆ ಅದೇ 146 ದಿನ ಐದು ಸೈಕಲ್ ಆಯ್ತು, 29.2. ಎಂಟು ದಿನದ ತಪ್ಪು ಅಲ್ಲೇ ಕರಗೋಯ್ತು. ಕೆಲವು ಆಪು ಇಂಥ ಉದ್ದದ ಸೈಕಲ್ ಕಂಡ್ರೆ ಬಿಟ್ಟು ಲೆಕ್ಕ ಹಾಕುತ್ತವೆ, ಅವಳದು ಹಾಕ್ತಿರ್ಲಿಲ್ಲ.

ಹಾಗಾಗಿ ಡೇಟ್ ತಪ್ಪಿದ್ರೆ ಮೊದಲು ಹಿಸ್ಟರಿ ತೆಗೆದು ಹಿಂದಿನ ಆರು ಸೈಕಲ್ ನೋಡಿ. ಒಂದು ಸೈಕಲ್ ಉಳಿದಿದ್ದರ ಡಬಲ್ ಇದ್ರೆ ಮರೆತಿದೀರಿ ಅಂತ ಅನುಮಾನ ಪಡಿ. ಒಂದು ಸೈಕಲ್ ಹದಿನೈದೇ ದಿನ ಇದ್ರೆ ನಡುವೆ ಬಂದ ಒಂದೆರಡು ಹನಿ ಸ್ಪಾಟಿಂಗನ್ನ ಪೀರಿಯಡ್ಸ್ ಅಂತ ಹಾಕಿರ್ತೀರ. ಮೊದಲನೇ ದಿನ ಅಂದ್ರೆ ಸರಿಯಾಗಿ ಬ್ಲೀಡಿಂಗ್ ಶುರುವಾದ ದಿನ, ಕಂದು ಕಲೆ ಕಂಡ ದಿನ ಅಲ್ಲ, ಅದಕ್ಕೆ ಆಪಲ್ಲಿ ಸ್ಪಾಟಿಂಗ್ ಅಂತ ಬೇರೆ ಆಯ್ಕೆ ಇರುತ್ತೆ. ಇನ್ನೊಂದು, ಎರಡೆರಡು ಆಪ್ ಇಟ್ಕೊಂಡಿರೋರು, ಹಳೇ ಆಪು, ಹೊಸ ವಾಚಿನ ಆಪು ಎರಡೂ ಫೋನಿನ ಹೆಲ್ತ್ ಆಪಿಗೆ ಬರೀತಾ ಇರುತ್ತವೆ, ಒಂದರಲ್ಲಿ ಮೂರನೇ ತಾರೀಕು, ಇನ್ನೊಂದರಲ್ಲಿ ಐದು, ಆಮೇಲೆ ಲೆಕ್ಕ ಚಿತ್ರಾನ್ನ. ಒಂದಕ್ಕೆ ಮಾತ್ರ ಬರೆಯೋ ಪರ್ಮಿಷನ್ ಕೊಡಿ.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕಾದ ವಿಷಯ ಒಂದಿದೆ. ನಮ್ಮ ಕಡೆ ಗೃಹಪ್ರವೇಶ, ಮದುವೆ, ವರಮಹಾಲಕ್ಷ್ಮಿ, ಧರ್ಮಸ್ಥಳ ಟ್ರಿಪ್ ಅಂತ ಡೇಟ್ ಮುಂದೂಡೋ ಮಾತ್ರೆ ತಗೊಳ್ಳೋದು ಎಷ್ಟು ಸಾಮಾನ್ಯ ಅಂತ ಎಲ್ರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಆ ಮಾತ್ರೆ, ಸಾಮಾನ್ಯವಾಗಿ ನಾರೆಥಿಸ್ಟೆರಾನ್, ಪ್ರೊಜೆಸ್ಟೆರಾನ್ ಥರಾನೇ ಕೆಲಸ ಮಾಡೋದು. ಅದು ತಗೊಳ್ತಾ ಇರೋವರೆಗೂ ಡೇಟ್ ಆಗಲ್ಲ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಆಗುತ್ತೆ, ಮೈಬಿಸಿನೂ ಮೇಲಿನ ಮೆಟ್ಟಿಲಲ್ಲೇ ನಿಲ್ಲಬಹುದು. ವಾಚಿಗೆ ಏನು ಗೊತ್ತು, ಅದು ಪಾಪ ನಿಮ್ಮ ಸೈಕಲ್ 38 ದಿನ ಆಯ್ತು ಅಂತ ಬರ್ಕೊಂಡು ಮುಂದಿನ ಎರಡು ಮೂರು ತಿಂಗಳ ಊಹೆನೂ ಕೆಡಿಸ್ಕೊಳ್ಳುತ್ತೆ. ಅತ್ತಿಗೆ ರಿಂಗಲ್ಲಿ ಆಗಿದ್ದು ಇದೇ, ಶ್ರಾವಣದ ತಿಂಗಳ ಗ್ರಾಫ್ ಮಾತ್ರ ವಿಚಿತ್ರವಾಗಿತ್ತು, ನಾನು "ಅತ್ತಿಗೆ, ಆವಾಗ ಏನಾದ್ರೂ ಮಾತ್ರೆ ತಗೊಂಡಿದ್ರಾ?" ಅಂದಾಗ ಒಂದು ನಿಮಿಷ ಸುಮ್ನಿದ್ದು "ಹೂಂ, ಪೂಜೆ ಇತ್ತಲ್ಲ" ಅಂದ್ರು. ಆ ಸೈಕಲನ್ನ ಲೆಕ್ಕದಿಂದ ಬಿಡೋ ಆಯ್ಕೆ ನಿಮ್ಮ ಆಪಲ್ಲಿದ್ರೆ ಬಿಡಿ, ಇಲ್ಲಾಂದ್ರೆ ನೋಟ್ ಹಾಕಿಡಿ. ಮತ್ತೆ ಆ ಮಾತ್ರೆನ ಮೆಡಿಕಲ್ ಶಾಪಲ್ಲಿ ಹೆಸರು ಹೇಳಿ ಸುಮ್ನೆ ತಗೋಬೇಡಿ, ರಕ್ತ ಹೆಪ್ಪುಗಟ್ಟೋ ತೊಂದ್ರೆ ಇರೋರಿಗೆ, ಮನೆಯಲ್ಲಿ ಯಾರಿಗಾದ್ರೂ ಆಗಿದ್ರೆ, ಅದು ಅಪಾಯ, ಡಾಕ್ಟರ್ ಹತ್ರ ಕೇಳೇ ತಗೊಳ್ಳಿ.

ಗರ್ಭನಿರೋಧಕ ಮಾತ್ರೆ ದಿನಾ ತಗೊಳ್ಳೋರು, ಹಾರ್ಮೋನ್ ಇರೋ ಲೂಪ್ ಹಾಕಿಸ್ಕೊಂಡಿರೋರು, ಮಗುಗೆ ಹಾಲು ಕೊಡ್ತಿರೋರು ಆಪಿನ ಸೆಟ್ಟಿಂಗಲ್ಲಿ ಅದನ್ನ ಆನ್ ಮಾಡ್ಬೇಕು. ಇಲ್ಲದೇ ಇದ್ರೆ ಅದು ಎಷ್ಟೋ ಸಲ ಇಲ್ಲದ ಓವ್ಯುಲೇಷನ್ ಹುಡುಕ್ತಾ ಇರುತ್ತೆ.

ಟೆಂಪರೇಚರ್ ಗ್ರಾಫೇ ಬರ್ತಿಲ್ಲ

ನನ್ನ ಮೊದಲ ಎರಡು ತಿಂಗಳು ಹೋಗಿದ್ದು ಇಲ್ಲಿ. ಅಳೆಯೋ ಸಾಧನಗಳು ನೀವು ನಿದ್ದೆಯಲ್ಲಿದೀರ ಅಂತ ಖಾತ್ರಿ ಆದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತವೆ. ಆ್ಯಪಲ್ ವಾಚಿಗಂತೂ ನಿದ್ದೆ ಟ್ರ್ಯಾಕ್ ಮಾಡೋದು ಆನ್ ಇರ್ಬೇಕು, ಸ್ಲೀಪ್ ಫೋಕಸ್ (ಮಲಗೋ ಹೊತ್ತಿನ ಮೋಡ್) ಆನ್ ಆಗಿರ್ಬೇಕು, ರಾತ್ರಿಗೆ ಕನಿಷ್ಠ 4 ಗಂಟೆ ಕೈಯಲ್ಲಿರ್ಬೇಕು, ಅಂಥ ಸುಮಾರು 5 ರಾತ್ರಿ ಆದ್ಮೇಲೆನೇ ನಿಮ್ಮ ಮಾಮೂಲಿ ಮಟ್ಟ ಇಷ್ಟು ಅಂತ ಅದು ಗುರುತು ಹಾಕ್ಕೊಳ್ಳೋದು. ಓವ್ಯುಲೇಷನ್ ಅಂದಾಜಿಗೆ ಸುಮಾರು ಎರಡು ಸೈಕಲ್ ಪೂರ್ತಿ ಬೇಕು. ಹೊಸದಾಗಿ ತಗೊಂಡು ಮೂರನೇ ವಾರಕ್ಕೇ ಏನೂ ತೋರಿಸ್ತಿಲ್ಲ ಅಂದ್ರೆ ಅದು ದೋಷ ಅಲ್ಲ, ಕಾಯಿರಿ.

ನಾನು ಮಾಡ್ತಿದ್ದಿದ್ದು ಏನಂದ್ರೆ, ಅಮೆರಿಕ ಟೀಮಿನ ಜೊತೆ ಕಾಲ್ ಮುಗಿಸಿ ರಾತ್ರಿ ಹನ್ನೆರಡೂವರೆಗೆ ಮಲಗೋವಾಗ ವಾಚ್ ಚಾರ್ಜಿಗೆ ಹಾಕ್ತಿದ್ದೆ, ಮೂರು ಗಂಟೆ ಸುಮಾರಿಗೆ ಬಾತ್‌ರೂಮಿಗೆ ಎದ್ದಾಗ ಕಟ್ಕೊಳ್ತಿದ್ದೆ, ಆರೂವರೆಗೆ ಅಲಾರಂ. ಮೂರೂವರೆ ಗಂಟೆ, ನಾಲ್ಕಿಲ್ಲ. ವಾಚಿಗೆ ಅದು ರಾತ್ರಿನೇ ಅಲ್ಲ. ಅದರ ಮೇಲೆ ಸ್ಲೀಪ್ ಶೆಡ್ಯೂಲು ಹತ್ತೂವರೆ ಅಂತ ಯಾವಾಗ್ಲೋ ಸೆಟ್ ಮಾಡಿದ್ದು ಹಾಗೇ ಇತ್ತು. ಚಾರ್ಜಿಂಗನ್ನ ಬೆಳಗ್ಗೆ ಸ್ನಾನ, ಕಾಫಿ, ತಿಂಡಿ ಟೈಮಿಗೆ ಬದಲಾಯಿಸಿದ ವಾರಕ್ಕೆ ಚುಕ್ಕಿ ಬೀಳೋಕೆ ಶುರುವಾಯ್ತು.

ಆಂಡ್ರಾಯ್ಡ್ ಫೋನಿನೋರಿಗೆ ಇನ್ನೊಂದು ಕಾಟ ಇದೆ, ಬ್ಯಾಟರಿ ಉಳಿಸೋಕೆ ಅಂತ ಫೋನು ಬ್ಯಾಕ್‌ಗ್ರೌಂಡಲ್ಲಿ ಓಡೋ ಆಪನ್ನ ಕೊಂದು ಹಾಕುತ್ತೆ, ವಾಚಲ್ಲಿ ಡೇಟಾ ಇರುತ್ತೆ ಆದ್ರೆ ಫೋನಿಗೆ ಬಂದಿರಲ್ಲ. ಆಪ್ ಸೆಟ್ಟಿಂಗಲ್ಲಿ ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಬ್ಲೂಟೂತ್ ಪರ್ಮಿಷನ್ ನೋಡಿ, ಬೆಳಗ್ಗೆ ಒಂದ್ಸಲ ಆಪ್ ತೆರೆದು ಸಿಂಕ್ ಆಗೋಕೆ ಬಿಡಿ. ಸ್ಟ್ರಾಪು ಸಡಿಲ ಇದ್ರೂ ಆಗಲ್ಲ, ಕಿರುಬೆರಳು ತೂರೋಷ್ಟು ಜಾಗ ಇದ್ರೆ ರಾತ್ರಿಗೆ ಒಂದು ತೂತು ಬಿಗಿ ಮಾಡಿ. ರಿಂಗ್ ಆದ್ರೆ ತೋರುಬೆರಳಿಗೆ ಹಾಕಿ, ಸೆನ್ಸರಿನ ಉಬ್ಬು ಅಂಗೈ ಕಡೆಗಿರ್ಲಿ. ಅತ್ತಿಗೆ ರಿಂಗು ಉಂಗುರದ ಬೆರಳಲ್ಲಿ ಸುತ್ತ ತಿರುಗ್ತಾ ಇತ್ತು, ತೋರುಬೆರಳಿಗೆ ಬದಲಾಯಿಸಿದ್ಮೇಲೆ ಗ್ರಾಫಲ್ಲಿ ಖಾಲಿ ಜಾಗ ನಿಂತೋಯ್ತು.

ಗ್ರಾಫ್ ಬರುತ್ತೆ, ಆದ್ರೆ ಗರಗಸದ ಹಲ್ಲು

ಇದು ನನಗೆ ಬಹಳ ಇಷ್ಟದ ಭಾಗ, ಯಾಕಂದ್ರೆ ಇಲ್ಲಿ ನಿಮ್ಮ ಮನೆ, ನಿಮ್ಮ ಹಾಸಿಗೆ, ನಿಮ್ಮ ಊರಿನ ಸೆಖೆ ಎಲ್ಲಾ ಆ ಸಣ್ಣ ಚುಕ್ಕಿಗಳಲ್ಲಿ ಕಾಣುತ್ತೆ. ಬಾಯಿಯ ಒಳಗಿನ ಥರ್ಮಾಮೀಟರ್ ಮೈಯ ಒಳಬಿಸಿ ಅಳೆಯುತ್ತೆ, ವಾಚು ಅಳೆಯೋದು ಮಣಿಕಟ್ಟಿನ ಚರ್ಮದ ಬಿಸಿ, ಚರ್ಮ ಅಂದ್ಮೇಲೆ ಹೊರಗಿನ ಗಾಳಿ, ರಗ್ಗು, ದಿಂಬು ಎಲ್ಲದ್ದೂ ಅದರ ಮೇಲೆ ಪ್ರಭಾವ ಇದ್ದೇ ಇರುತ್ತೆ. ನಾವು ಹುಡುಕ್ತಿರೋ ಮೆಟ್ಟಿಲಿನ ಎತ್ತರನೇ ಅರ್ಧ ಡಿಗ್ರಿ ಒಳಗೆ, ಕೈ ರಗ್ಗಿನ ಒಳಗೋ ಹೊರಗೋ ಅನ್ನೋದ್ರಲ್ಲೇ ಅಷ್ಟು ವ್ಯತ್ಯಾಸ ಬಂದುಬಿಡುತ್ತೆ.

ನನ್ನ ಗ್ರಾಫಲ್ಲಿ ಒಂದು ದಿನ ಮೇಲೆ ಒಂದು ದಿನ ಕೆಳಗೆ, ಮೆಟ್ಟಿಲೂ ಇಲ್ಲ ಏನೂ ಇಲ್ಲ. ಒಂದು ಪುಟ್ಟ ಪುಸ್ತಕದಲ್ಲಿ ಹತ್ತು ದಿನ ಬೆಳಗ್ಗೆ ಎದ್ದ ತಕ್ಷಣ ಬರೆದೆ: ಎಷ್ಟೊತ್ತಿಗೆ ಮಲಗಿದೆ, ಫ್ಯಾನ್ ಎಷ್ಟರಲ್ಲಿತ್ತು, ಕರೆಂಟ್ ಹೋಗಿತ್ತಾ, ಎದ್ದಾಗ ಕೈ ಎಲ್ಲಿತ್ತು. ಐದನೇ ದಿನಕ್ಕೇ ಗೊತ್ತಾಯ್ತು, ಮೇಲೆ ಹೋಗಿದ್ದ ಚುಕ್ಕಿಗಳಲ್ಲಿ ಮೂರು ದಿನ ನಾನು ಎಡಗೈ ದಿಂಬಿನ ಕೆಳಗೆ ಇಟ್ಕೊಂಡೇ ಎದ್ದಿದ್ದೆ, ಮಣಿಕಟ್ಟಿನ ಮೇಲೆ ವಾಚಿನ ಅಚ್ಚು ಕೆಂಪಗೆ ಒತ್ತಿತ್ತು. ನಾಲ್ಕನೇ ಚುಕ್ಕಿ ಟ್ರಾನ್ಸ್‌ಫಾರ್ಮರ್ ಹೋಗಿ ರಾತ್ರಿಯೆಲ್ಲ ಫ್ಯಾನಿಲ್ಲದ ದಿನ. ವಾಚನ್ನ ಬಲಗೈಗೆ ಬದಲಾಯಿಸಿ ಆಪಲ್ಲೂ ಕೈ ಬದಲಾಯಿಸಿದೆ, ಹಲ್ಲುಗಳು ಅರ್ಧಕ್ಕರ್ಧ ಕಮ್ಮಿ ಆದ್ವು.

ನಿಮ್ಮದೂ ಹೀಗೇ ಇದ್ರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರ್ನಾಲ್ಕು ರಾತ್ರಿ ನೋಡಿ, ಆಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗಲ್ಲ. ಜ್ವರ ಬಂದ ದಿನ, ಡ್ರಿಂಕ್ಸ್ ತಗೊಂಡ ದಿನ, ರಾತ್ರಿ ಬಸ್ಸಲ್ಲಿ ಊರಿಗೆ ಹೋದ ದಿನ, ಪುಟ್ಟ ಮಗು ನಿಮ್ಮ ಕೈ ಮೇಲೇ ತಲೆ ಇಟ್ಟು ಮಲಗಿದ ದಿನ, ಈ ಚುಕ್ಕಿಗಳನ್ನ ಮನಸ್ಸಲ್ಲೇ ಅಳಿಸಿ ಉಳಿದಿದ್ದು ನೋಡಿ. ರಾಯಚೂರು ಕಲಬುರಗಿ ಕಡೆಯವರಿಗೆ ಏಪ್ರಿಲ್ ಮೇನಲ್ಲಿ ಪೂರ್ತಿ ಗ್ರಾಫೇ ಮೇಲೆ ಹೋಗಬಹುದು, ಗಾಬರಿ ಬೇಡ, ಮೆಟ್ಟಿಲು ಇದ್ರೆ ಸಾಕು, ಅದು ಎಷ್ಟು ಎತ್ತರದಲ್ಲಿ ಶುರುವಾಯ್ತು ಅನ್ನೋದು ಮುಖ್ಯ ಅಲ್ಲ. ನೈಟ್ ಶಿಫ್ಟಿನವರಿಗೆ ನಿಜವಾಗ್ಲೂ ಕಷ್ಟ, ವಾರಕ್ಕೊಂದು ಶಿಫ್ಟ್ ಬದಲಾದ್ರೆ ಈ ವಿಧಾನ ಸರಿಯಾಗಿ ಕೆಲಸ ಮಾಡಲ್ಲ, ಅವರು ಬರೀ ಡೇಟ್ ಲೆಕ್ಕ ಇಟ್ಕೊಳ್ಳೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಕಣ್ಣಲ್ಲೇ ಮೆಟ್ಟಿಲು ಹುಡುಕೋಕೆ ಥರ್ಮಾಮೀಟರ್ ಕಾಲದ ಹಳೇ ನಿಯಮ ಒಂದಿದೆ: ಸತತ ಮೂರು ದಿನದ ಬಿಸಿ, ಅದರ ಹಿಂದಿನ ಆರು ದಿನದ ಎಲ್ಲಾ ಬಿಸಿಗಿಂತ ಜಾಸ್ತಿ ಇರ್ಬೇಕು, ಸುಮಾರು 0.2 ಡಿಗ್ರಿಯಷ್ಟು. ವಾಚಿನ ಗ್ರಾಫಿಗೆ ಇದು ಅಚ್ಚುಕಟ್ಟಾಗಿ ಕೂರಲ್ಲ, ಆದ್ರೂ ಅಂದಾಜಿಗೆ ಸಾಕು. ಜೊತೆಗೆ ಮಲಗಿರುವಾಗಿನ ಹಾರ್ಟ್ ರೇಟ್ ನೋಡಿ, ಮೇಲಿನ ಮೆಟ್ಟಿಲಿನ ದಿನಗಳಲ್ಲಿ ಅದೂ ನಿಮಿಷಕ್ಕೆ ಎರಡು ಮೂರು ಬಡಿತ ಜಾಸ್ತಿ ಆಗೋದು ಸಾಮಾನ್ಯ. ಎರಡೂ ಒಟ್ಟಿಗೆ ಏರಿದ್ರೆ ನಂಬಬಹುದು.

"ಇವತ್ತು ಓವ್ಯುಲೇಷನ್" ಅಂತ ಯಾಕೆ ಮೊದಲೇ ಹೇಳ್ಲಿಲ್ಲ

ಇದನ್ನ ದೋಷ ಅಂತ ಬಹಳ ಜನ ಹೇಳ್ತಾರೆ, ಅಲ್ಲ. ಬಿಸಿ ಏರೋದೇ ಅಂಡಾಣು ಬಂದ್ಮೇಲೆ. ಹಾಗಾಗಿ ಟೆಂಪರೇಚರ್ ನೋಡೋ ಯಾವ ಸಾಧನ ಆದ್ರೂ ಆಗಿಹೋಗಿದ್ದನ್ನ ಹೇಳುತ್ತೆ, ಮುಂದಿನದ್ದು ಬರೀ ಊಹೆ. ಮಗುಗೆ ಪ್ರಯತ್ನ ಮಾಡ್ತಿರೋರಿಗೆ ಇದು ಗೊತ್ತಿರ್ಲೇಬೇಕು, ಅಂಡಾಣು ಬದುಕೋದು 12ರಿಂದ 24 ಗಂಟೆ, ವೀರ್ಯಾಣು 5 ದಿನದವರೆಗೂ ಇರಬಹುದು, ಅಂದ್ರೆ ಮುಖ್ಯವಾದ ದಿನಗಳು ಅಂಡಾಣು ಬರೋಕೆ ಮುಂಚಿನವು, ವಾಚು ಖಾತ್ರಿ ಮಾಡೋ ಹೊತ್ತಿಗೆ ಅವು ದಾಟಿಹೋಗಿರುತ್ತವೆ. ಮೊದಲೇ ತಿಳೀಬೇಕಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ಎಲ್‌ಎಚ್ (ಅಂಡಾಣು ಹೊರಗೆ ಬರೋಕೆ ಸೂಚನೆ ಕೊಡೋ ಹಾರ್ಮೋನ್) ಸ್ಟ್ರಿಪ್ ಬಳಸಿ, ಮೂತ್ರದಲ್ಲಿ ಆ ಹಾರ್ಮೋನ್ ಏರಿದ್ಮೇಲೆ ಸುಮಾರು ಒಂದು ಒಂದೂವರೆ ದಿನದಲ್ಲಿ ಅಂಡಾಣು ಬರುತ್ತೆ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬರದೇ ಇರೋ ತೊಂದ್ರೆ) ಇರೋರಿಗೆ ಮಾತ್ರ ಸ್ಟ್ರಿಪ್ ಮೋಸ ಮಾಡಬಹುದು, ಅವರಲ್ಲಿ ಎಲ್‌ಎಚ್ ಮೊದಲೇ ಜಾಸ್ತಿ ಇರೋ ಸಾಧ್ಯತೆ ಇರೋದ್ರಿಂದ ಸುಮ್ಸುಮ್ನೆ ಪಾಸಿಟಿವ್ ಬರುತ್ತೆ.

ಮಗು ಬೇಡ ಅನ್ನೋರು ದಯವಿಟ್ಟು ವಾಚಿನ ಹಸಿರು ದಿನ ಕೆಂಪು ದಿನ ನಂಬಿ ಕೂರ್ಬೇಡಿ. ಸ್ವೀಡನ್ನಿನ ನ್ಯಾಚುರಲ್ ಸೈಕಲ್ಸ್ ಅನ್ನೋ ಆಪಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗರ್ಭನಿರೋಧಕ ವಿಧಾನ ಅಂತ ಅನುಮತಿ ಕೊಟ್ಟಿದ್ದು ನಿಜ, ಅದರದ್ದೂ ಸಾಮಾನ್ಯ ಬಳಕೆಯಲ್ಲಿ 93 ಪರ್ಸೆಂಟ್, ಅಂದ್ರೆ ವರ್ಷಕ್ಕೆ ನೂರರಲ್ಲಿ ಏಳು ಜನ ಗರ್ಭಿಣಿ ಆಗ್ತಾರೆ. ಅದು ಆ ಕೆಲಸಕ್ಕೇ ಅಂತ ಪರೀಕ್ಷೆ ಮಾಡಿದ ಆಪು. ನಮ್ಮ ಮಾಮೂಲಿ ವಾಚಿನ ಸೈಕಲ್ ಟ್ರ್ಯಾಕಿಂಗ್ ಆ ಕೆಲಸಕ್ಕಲ್ಲ, ಆ್ಯಪಲ್‌ನವರೇ ಹಾಗೆ ಬಳಸ್ಬೇಡಿ ಅಂತ ಬರೆದಿದಾರೆ.

ಎಲ್ಲಾ ಸರಿ ಇದೆ, ಮೆಟ್ಟಿಲೇ ಇಲ್ಲ

ಈಗ ನನ್ನ ಕಥೆಯ ಉಳಿದ ಭಾಗ. ಚಾರ್ಜಿಂಗ್ ಸರಿಮಾಡಿದೆ, ಕೈ ಬದಲಾಯಿಸಿದೆ, ಏಳು ಗಂಟೆ ನಿದ್ದೆ ಸಿಗೋ ಥರ ಕಾಲ್‌ಗಳನ್ನ ಹಿಂದೆ ಮಾಡಿಸ್ಕೊಂಡೆ. ಗ್ರಾಫು ನೀಟಾಯ್ತು, ಗರಗಸ ಹೋಯ್ತು, ಆದ್ರೆ ಚಾಪೆ ಹಾಸಿದ ಹಾಗೆ ನೇರ. ಒಂದು ಸೈಕಲ್ 38 ದಿನ, ಆಮೇಲೆ 44, ಆಮೇಲೆ 41. ಪೀರಿಯಡ್ಸ್ ಬರ್ತಾನೇ ಇತ್ತು, ಹಾಗಾಗಿ ಎಲ್ಲಾ ಸರಿ ಇದೆ ಅಂದ್ಕೊಂಡಿದ್ದೆ. ರಕ್ತ ಬಂತು ಅಂದ್ರೆ ಅಂಡಾಣು ಬಂದಿತ್ತು ಅಂತ ಅರ್ಥ ಅಲ್ಲ ಅನ್ನೋದು ನನಗೆ ಮೂವತ್ತೆರಡು ವರ್ಷಕ್ಕೆ ಗೊತ್ತಾಗಿದ್ದು, ಶಾಲೆಯಲ್ಲಿ ಯಾರೂ ಹೇಳ್ಲಿಲ್ಲ, ಅಮ್ಮನಿಗೂ ಗೊತ್ತಿರ್ಲಿಲ್ಲ. ಇದೇ ಕಾರಣಕ್ಕೆ ಇಷ್ಟು ಉದ್ದ ಬರೀತಿದೀನಿ.

ಮೆಟ್ಟಿಲು ಇಲ್ಲದ ಗ್ರಾಫಿಗೆ ಕಾರಣ ಬಹಳ ಇವೆ. ಪಿಸಿಒಎಸ್, ಥೈರಾಯ್ಡ್, ಹೆರಿಗೆ ಆಗಿ ಹಾಲುಣಿಸೋ ಸಮಯ, ನಲವತ್ತು ದಾಟಿದ್ಮೇಲೆ ಮುಟ್ಟು ನಿಲ್ಲೋ ಮುಂಚಿನ ವರ್ಷಗಳು, ಏಕಾಏಕಿ ತೂಕ ಇಳಿಯೋದು, ತುಂಬ ಟೆನ್ಷನ್. ಒಂದು ತಿಂಗಳು ಹಾಗೆ ಆದ್ರೆ ಆಗ್ಲಿ ಬಿಡಿ, ಆರೋಗ್ಯವಾಗಿರೋರಿಗೂ ವರ್ಷದಲ್ಲಿ ಒಂದೋ ಎರಡೋ ಸಲ ಹಾಗಾಗಬಹುದು. ಅಂಡಾಣು ಬಂದಿದ್ರೂ ವಾಚಿನ ಕಣ್ಣಿಗೆ ಬೀಳದೇ ಇರೋದೂ ಉಂಟು, ವಾಚಿನ ಗ್ರಾಫನ್ನ ರಿಪೋರ್ಟ್ ಅಂತ ತಿಳ್ಕೋಬೇಡಿ. ಆದ್ರೆ ಮೇಲೆ ಹೇಳಿದ್ದೆಲ್ಲ ಸರಿ ಮಾಡಿ ಮೂರು ಸೈಕಲ್ ಸತತವಾಗಿ ನೇರ ಗೆರೆ, ಜೊತೆಗೆ ಸೈಕಲ್ 35 ದಿನಕ್ಕಿಂತ ಉದ್ದ ಇದ್ರೆ ವಾಚ್ ಬಿಡಿ, ಡಾಕ್ಟರ್ ಹತ್ರ ಹೋಗಿ.

ನಾನು ಹೋದೆ. ಡಾಕ್ಟರಮ್ಮ ಗ್ರಾಫನ್ನ ಐದು ಸೆಕೆಂಡ್ ನೋಡಿ ಫೋನ್ ವಾಪಸ್ ಕೊಟ್ರು, "ಎಲ್‌ಎಂಪಿ ಯಾವಾಗ?" ಅಂದ್ರು, ಅಂದ್ರೆ ಕೊನೇ ಪೀರಿಯಡ್ಸಿನ ಮೊದಲ ದಿನ. ಕೂದಲು ಉದುರುತ್ತಾ, ಮಲಬದ್ಧತೆ ಇದ್ಯಾ, ಚಳಿ ಜಾಸ್ತಿ ಆಗುತ್ತಾ ಅಂತ ಕೇಳಿದ್ರು, ಮೂರಕ್ಕೂ ಹೌದು ಅಂದೆ, ಮೂರನ್ನೂ ನಾನು ಕೆಲಸದ ಒತ್ತಡ ಅಂದ್ಕೊಂಡಿದ್ದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ, ಸಂಜೆ ರಿಪೋರ್ಟ್ ಬಂತು, ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಕೆಲಸ ಮಾಡಿದ್ರೆ ಏರೋ ಹಾರ್ಮೋನ್) 11 ಚಿಲ್ಲರೆ, ಪಕ್ಕದಲ್ಲಿ ದಪ್ಪಕ್ಷರ. ಮುಂದಿನ ಪೀರಿಯಡ್ಸಿಗೆ ಸುಮಾರು ಏಳು ದಿನ ಇರುವಾಗ ಪ್ರೊಜೆಸ್ಟೆರಾನ್ ಟೆಸ್ಟೂ ಮಾಡಿಸಿದ್ರು, ಅದು ಬಹಳ ಕಮ್ಮಿ ಇತ್ತು. ವಾಚು ಅಷ್ಟು ತಿಂಗಳು ಡೇಟಾ ಸಾಲ್ತಿಲ್ಲ ಅಂತಿದ್ದಾಗ ಮೊದಲೆರಡು ತಿಂಗಳು ತಪ್ಪು ನನ್ನ ಚಾರ್ಜಿಂಗಿಂದು, ಆಮೇಲಿನದ್ದಕ್ಕೆ ತೋರಿಸೋಕೆ ಮೆಟ್ಟಿಲೇ ಇರ್ಲಿಲ್ಲ.

ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಲ್ಲಿ ತಗೊಂಡು ಕಾಫಿಗೆ ಅರ್ಧ ಗಂಟೆ ಮೇಲೆ ಕಾಯ್ಬೇಕು, ನನಗೆ ಅದೇ ಕಷ್ಟದ ಕೆಲಸ ಆಗಿತ್ತು, ಎದ್ದ ತಕ್ಷಣ ಫಿಲ್ಟರ್ ಕಾಫಿ ಕುಡೀತಿದ್ದವಳು. ಮಾತ್ರೆ ಶುರು ಮಾಡಿದ ನಾಲ್ಕನೇ ತಿಂಗಳು ಒಂದು ಬೆಳಗ್ಗೆ ಗ್ರಾಫ್ ತೆಗೆದ್ರೆ ಚುಕ್ಕಿ ಮೇಲಿತ್ತು, ದಿಂಬು ಅಂದ್ಕೊಂಡೆ. ಮಾರನೇ ದಿನವೂ ಮೇಲೆ. ಮೂರನೇ ದಿನವೂ. ಹಿಂದಿನ ಆರು ಚುಕ್ಕಿ ಲೆಕ್ಕ ಹಾಕಿ ತಂಗಿನ ಎಬ್ಬಿಸಿ ತೋರಿಸಿದೆ, ಅವಳಿಗೆ ಏನೂ ಅರ್ಥ ಆಗ್ಲಿಲ್ಲ, ನನ್ನ ಮುಖ ನೋಡಿ ನಕ್ಕಳು. ಆ ಸೈಕಲ್ 31 ದಿನಕ್ಕೆ ಮುಗೀತು.

ಇನ್ನು ಕೆಲವು

ಪೀರಿಯಡ್ಸ್ ಬಂದಿಲ್ಲ ಆದ್ರೆ ಬಿಸಿ ಮೇಲಿನ ಮೆಟ್ಟಿಲಲ್ಲೇ 18 ದಿನ ದಾಟಿದೆ ಅಂದ್ರೆ ರೀಸ್ಟಾರ್ಟ್ ಮಾಡ್ತಾ ಕೂರ್ಬೇಡಿ, ಪ್ರೆಗ್ನೆನ್ಸಿ ಕಿಟ್ ತಂದು ನೋಡಿ.

ಹನ್ನೆರಡು ಹದಿಮೂರು ವರ್ಷದ ಹುಡುಗೀರಿಗೆ ವಾಚ್ ಕಟ್ಟಿ ಅನಿಯಮಿತ ಅಂತ ನೋಟಿಫಿಕೇಷನ್ ಬಂದಾಗ ಹೆದರಿಸ್ಬೇಡಿ. ದೊಡ್ಡವರಿಗೆ 21ರಿಂದ 35 ದಿನ ಮಾಮೂಲಿ, ಶುರುವಾದ ಮೊದಲ ಕೆಲವು ವರ್ಷ 45 ದಿನದವರೆಗೂ ಮಾಮೂಲಿನೇ, ಆಪಿಗೆ ಅವಳ ವಯಸ್ಸು ಸರಿಯಾಗಿ ಹಾಕಿದೀರ ಅಂತ ಮೊದಲು ನೋಡಿ. ಫ್ಯಾಮಿಲಿ ಅಕೌಂಟಲ್ಲಿ ಅವಳ ಡೇಟು ಯಾರ್ಯಾರ ಫೋನಿಗೆ ಹೋಗ್ತಿದೆ ಅಂತಾನೂ ನೋಡಿ, ಅವಳನ್ನ ಕೇಳ್ದೆ ಹಂಚ್ಕೋಬೇಡಿ.

ಗಂಟೆಗೊಂದು ಪ್ಯಾಡ್ ನೆನೆಯೋಷ್ಟು ಬ್ಲೀಡಿಂಗ್, ಎಂಟು ದಿನ ದಾಟಿ ನಿಲ್ಲದೇ ಇರೋದು, ಎರಡು ಪೀರಿಯಡ್ಸ್ ನಡುವೆ ಪದೇ ಪದೇ ರಕ್ತ, ಮೂರು ತಿಂಗಳು ಪೂರ್ತಿ ಬರದೇ ಇರೋದು, ಮುಟ್ಟು ನಿಂತು ವರ್ಷ ಆದ್ಮೇಲೆ ಒಂದು ಹನಿ ಕಂಡ್ರೂ, ಇವುಗಳಿಗೆ ಗ್ರಾಫ್ ನೋಡ್ತಾ ದಿನ ಕಳೀಬೇಡಿ, ವಾಚ್ ಏನೇ ಹೇಳ್ಲಿ ನೇರ ಹೋಗಿ.

ಹೋಗುವಾಗ ಸ್ಕ್ರೀನ್‌ಶಾಟ್ ಇರ್ಲಿ, ಆದ್ರೆ ಅದಕ್ಕಿಂತ ಒಂದು ಹಾಳೆಯಲ್ಲಿ ಹಿಂದಿನ ಆರು ಪೀರಿಯಡ್ಸಿನ ಮೊದಲ ದಿನ, ಎಷ್ಟು ದಿನ ಇತ್ತು, ಎಷ್ಟು ಪ್ಯಾಡು, ಈ ಮಧ್ಯೆ ತಗೊಂಡ ಮಾತ್ರೆಗಳ ಹೆಸರು (ಪೂಜೆಗೆ ತಗೊಂಡಿದ್ದೂ ಸೇರಿ) ಬರ್ಕೊಂಡು ಹೋಗಿ. ಕೋಣೆ ಒಳಗೆ ಕೂತ ತಕ್ಷಣ ಕೇಳೋದು ಅದನ್ನೇ.